ಹೊಂದಿಕೊಳ್ಳಬೇಕಾದವರು ಯಾರು?

ಹಲ್ಲಿಯಷ್ಟು ಕಾಲ ನಮ್ಮ ಜೊತೆ ಬಾಳಿದ, ಹಲ್ಲಿಯಷ್ಟು ನಮ್ಮಿಂದ ಏಟು ತಿಂದ ಪ್ರಾಣಿ ಇನ್ನೊಂದಿರಲಾರದು. ಟ್ಯೂಬ್‌ಲೈಟಿನ ಹಿಂದೆ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಿಂದೆ ಅದು ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಇರುತ್ತದೆ. ಮನೆ ಕಟ್ಟಿದವರು ಸತ್ತು ಮಕ್ಕಳು ಪಾಲು ಮಾಡಿಕೊಂಡ ಮೇಲೂ ಇರುತ್ತದೆ. ನೆರೆಯ ಹಿಂದೂ ಮನೆಗಳಲ್ಲಿ ಅದು ಲೊಚಗುಟ್ಟಿದರೆ ಆಡುತ್ತಿದ್ದ ಮಾತು ನಿಜವಾಗುತ್ತದೆಂದು ಬೆರಳಿನಿಂದ ನೆಲ ತಟ್ಟುತ್ತಾರೆ. ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು, ತಲೆಗೆ ಬಿದ್ದರೆ ಏನು ಫಲ, ಭುಜಕ್ಕೆ ಬಿದ್ದರೆ ಏನು ಫಲ ಎಂದು ಹುಡುಕುತ್ತಾರೆ. ಕಂಚಿಯ ವರದರಾಜ ಪೆರುಮಾಳ್ ದೇವಸ್ಥಾನದ ಚಾವಣಿಯಲ್ಲಿರುವ ಚಿನ್ನದ ಹಲ್ಲಿ, ಬೆಳ್ಳಿಯ ಹಲ್ಲಿಗಳನ್ನು ಮುಟ್ಟಿ ಬಂದವರಿಗೆ ಹಲ್ಲಿಯ ದೋಷ ತಟ್ಟುವುದಿಲ್ಲವಂತೆ. ಅಲ್ಲಿ ಮುಟ್ಟಿ ಬಂದ ಕೈಯೇ ಇಲ್ಲಿ ಪೊರಕೆ ಹುಡುಕುತ್ತದೆ. ಕಲ್ಲಿನ ಹಾವಿಗೂ ನಿಜದ ಹಾವಿಗೂ ಜನ ಮಾಡುವ ಭೇದವನ್ನು ಬಸವಣ್ಣ ಕಂಡು ಕೇಳಿ ಎಂಟುನೂರು ವರ್ಷ ಮೀರಿತು. ಹಲ್ಲಿಯ ವಿಷಯದಲ್ಲಿ ಯಾರೂ ಕೇಳಿದಂತಿಲ್ಲ.

ನಮ್ಮ ಮುಸ್ಲಿಮ್ ಮನೆಗಳಲ್ಲಿ ಕಥೆ ಬೇರೆ, ಪೊರಕೆ ಒಂದೇ. ಹಜರತ್ ಇಬ್ರಾಹೀಮರನ್ನು (ಅ) ಬೆಂಕಿಗೆ ಹಾಕಿದಾಗ ಉಳಿದ ಪ್ರಾಣಿಗಳೆಲ್ಲ ಅದನ್ನು ಆರಿಸಲು ನೋಡಿದವು, ಛಿಪ್ಕಲಿ ಮಾತ್ರ ಊದಿ ಊದಿ ಉರಿಸಿತು ಎಂಬ ಕಥೆಯನ್ನು ಮದರಸಾದ ಚಾಪೆಯ ಮೇಲೆ ಕೂತು ಕೇಳದವರು ಕಡಿಮೆ. ಕೇಳಿ ಎದ್ದವರು ಹವಾಯಿ ಚಪ್ಪಲಿ ಹಿಡಿದು ಗೋಡೆ ಗೋಡೆ ಸುತ್ತುತ್ತಿದ್ದೆವು. ಒಂದೇ ಏಟಿಗೆ ಸತ್ತರೆ ಎಷ್ಟು ಸವಾಬ್, ಎರಡನೆಯ ಏಟಿಗೆ ಎಷ್ಟು ಎಂಬ ಲೆಕ್ಕ ನಮಗೆ ಮಗ್ಗಿಗಿಂತ ಮೊದಲೇ ಬರುತ್ತಿತ್ತು.

ಈಗ ಆ ಹಲ್ಲಿಯ ಬಳಗಕ್ಕೇ ಸೇರಿದ ಒಂದನ್ನು ದುಡ್ಡು ಕೊಟ್ಟು ತಂದು, ಅದಕ್ಕೊಂದು ಹೆಸರಿಟ್ಟು, ಅದು ಊಟ ಮಾಡಲಿಲ್ಲವೆಂದು ಅಳುವ ಹುಡುಗನೊಬ್ಬ ನಮ್ಮ ಕುಟುಂಬದಲ್ಲೇ ಇದ್ದಾನೆ. ತಂಗಿಯ ಮಗ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವನು, ವಯಸ್ಸು 11. ಅಲ್ಲಿ ಮಕ್ಕಳು ನಾಯಿ ಬೆಕ್ಕು ಸಾಕುವಂತೆ ಹಲ್ಲಿಯನ್ನೂ ಸಾಕುತ್ತಾರೆ. ಫೋನಿನಲ್ಲಿ ಅವನು ಕೇಳಿದ್ದು ಇಷ್ಟು: ‘ಮಾಮೂ, ಮೂರು ದಿನದಿಂದ ಅದು ಈಚೆಗೇ ಬಂದಿಲ್ಲ. ನನ್ನ ಮೇಲೆ ಸಿಟ್ಟಾ?’ ಪಕ್ಕದಲ್ಲಿ ಕೂತಿದ್ದ ಅಮ್ಮಿ ತೌಬಾ ತೌಬಾ ಎಂದರು. ನಮಗೆ ನಗು ಬಂತು. ಆದರೆ ಹುಡುಗನ ಪ್ರಶ್ನೆ ನಗುವಂಥದ್ದಲ್ಲ. ತಾನು ತಂದಿಟ್ಟುಕೊಂಡ ಜೀವಕ್ಕೆ ತನ್ನ ಬಗ್ಗೆ ಏನನ್ನಿಸುತ್ತದೆ ಎಂದು ಅವನು ಕೇಳುತ್ತಿದ್ದ. ದೊಡ್ಡವರಾದ ನಾವು ಎಷ್ಟು ಜನ ಈ ಪ್ರಶ್ನೆ ಕೇಳಿದ್ದೇವೆ?

ಆ ಪ್ರಾಣಿಯ ವಿಚಾರ ಸ್ವಲ್ಪ ಹೇಳಬೇಕು. ಅದು ನಮ್ಮ ಗೋಡೆಯ ಹಲ್ಲಿಯಲ್ಲ, ಲೆಪರ್ಡ್ ಗೆಕ್ಕೊ. ಹಳದಿ ಮೈಮೇಲೆ ಚಿರತೆಯಂತೆ ಕಪ್ಪು ಚುಕ್ಕೆ, ದಪ್ಪ ಬಾಲ. ಗೋಡೆಯ ಹಲ್ಲಿಗೆ ರೆಪ್ಪೆಯಿಲ್ಲ, ನಾಲಗೆಯಿಂದ ಕಣ್ಣು ಒರೆಸಿಕೊಳ್ಳುತ್ತದೆ. ಇದಕ್ಕೆ ರೆಪ್ಪೆಯುಂಟು, ಕಣ್ಣು ಮುಚ್ಚಿ ಮಲಗುತ್ತದೆ. ಗೋಡೆಯ ಹಲ್ಲಿಯ ಬೆರಳಿಗಿರುವ ಅಂಟುಮೆತ್ತೆ ಇದಕ್ಕಿಲ್ಲ. ಆದ್ದರಿಂದ ಗಾಜು ಹತ್ತಲಾರದು, ನೆಲದ ಜೀವ. ಇದರ ಮೂಲ ಊರು ಇಂಗ್ಲೆಂಡಲ್ಲ. ಅಫ್ಘಾನಿಸ್ತಾನ, ಪಾಕಿಸ್ತಾನ, ಭಾರತದ ವಾಯುವ್ಯ ಭಾಗದ ಒಣ ಕಲ್ಲುಗುಡ್ಡಗಳು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಪಂಜಾಬಿನ ಉಪ್ಪಿನ ಬೆಟ್ಟಗಳಿಂದ ಬಂದ ಒಂದನ್ನು ನೋಡಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಮುಂದೆ ಅಲ್ಲಿಂದ ಹಿಡಿದುಕೊಂಡು ಹೋದವುಗಳ ಸಂತಾನವೇ ಇವತ್ತು ಅಮೆರಿಕ, ಯೂರೋಪಿನ ಗಾಜಿನ ಪೆಟ್ಟಿಗೆಗಳಲ್ಲಿ ಮೊಟ್ಟೆಯೊಡೆದು ಬರುತ್ತಿದೆ. ಹುಡುಗನ ಹಲ್ಲಿ ಬಂಡೆಯನ್ನೇ ಕಂಡಿಲ್ಲ, ಅದರ ಅಜ್ಜಿಯೂ ಕಂಡಿರಲಾರಳು. ಆದರೂ ಬಂಡೆಯ ಸಂದಿಯಲ್ಲಿ ಬದುಕಿದ ವಂಶದ ಎಲ್ಲ ಭಯಗಳೂ ಅದರ ಮೈಯಲ್ಲಿ ಹಾಗೇ ಇವೆ.

ಆ ಭಯಗಳನ್ನು ತಿಳಿದುಕೊಳ್ಳುವುದೇ ಸಾಕುವವನ ಮೊದಲ ಪಾಠ. ಅನುಭವವಿದ್ದವರು ಹೇಳುವ ಕ್ರಮ ಹೀಗಿದೆ. ಪ್ರಾಣಿ ಬರುವ ಮೊದಲೇ ಅದರ ಮನೆ ಸಿದ್ಧವಾಗಿರಬೇಕು. ಪೆಟ್ಟಿಗೆಯ ಒಂದು ಬದಿ ಬೆಚ್ಚಗೆ, ಸುಮಾರು 32 ಡಿಗ್ರಿ. ಇನ್ನೊಂದು ಬದಿ ತಂಪಾಗಿ, 24ರ ಆಸುಪಾಸು. ಏಕೆಂದರೆ ಅದರ ರಕ್ತ ತಾನಾಗಿ ಬಿಸಿಯಾಗುವುದಿಲ್ಲ, ಬೇಕಾದ ಶಾಖವನ್ನು ಅದು ನಡೆದು ಹೋಗಿ ತೆಗೆದುಕೊಳ್ಳಬೇಕು. ಶಾಖ ಕೊಡುವ ಸಾಧನಕ್ಕೆ ಥರ್ಮೋಸ್ಟಾಟ್ ಇರಬೇಕು, ಇಲ್ಲವಾದರೆ ಹೊಟ್ಟೆ ಸುಟ್ಟೀತು. ಬೆಚ್ಚಗಿನ ಕಡೆ ಒಂದು ಅಡಗುತಾಣ, ತಂಪಿನ ಕಡೆ ಒಂದು. ಮೂರನೆಯದು ಒದ್ದೆ ಪಾಚಿ ಹಾಕಿದ ತಾಣ, ಪೊರೆ ಬಿಡುವ ಹೊತ್ತಿಗೆ. ಪೊರೆ ಸರಿಯಾಗಿ ಕಳಚದೆ ಬೆರಳಿಗೆ ಸುತ್ತಿಕೊಂಡರೆ ಆ ಬೆರಳು ರಕ್ತವಿಲ್ಲದೆ ಉದುರಿಹೋಗುತ್ತದೆ. ಹೊಸದಾಗಿ ಬಂದಾಗ ನೆಲಕ್ಕೆ ಮರಳು ಬೇಡ, ಕಾಗದ ಸಾಕು. ಮರಳು ನುಂಗಿದರೆ ಕರುಳು ಕಟ್ಟಿಕೊಳ್ಳಬಹುದು. ಪೆಟ್ಟಿಗೆಯ ಮೂರು ಬದಿಗೆ ಹೊರಗಿನಿಂದ ಕಾಗದ ಅಂಟಿಸಬೇಕು. ನಾಲ್ಕೂ ಕಡೆಯಿಂದ ಕಾಣುವ ಜಾಗದಲ್ಲಿ ಯಾವ ಜೀವಕ್ಕೂ ನಿದ್ದೆ ಬಾರದು.

ಇಷ್ಟೆಲ್ಲ ಮಾಡಿ ಪ್ರಾಣಿಯನ್ನು ಒಳಗೆ ಬಿಟ್ಟ ಮೇಲೆ ಮಾಡಬೇಕಾದ ಕೆಲಸ ಒಂದೇ, ಅದನ್ನು ಅದರ ಪಾಡಿಗೆ ಬಿಡುವುದು. ಎರಡು ವಾರ ಮುಟ್ಟಬಾರದು. ಗಾಜು ತಟ್ಟಬಾರದು. ಅಡಗುತಾಣ ಎತ್ತಿ ಇಣುಕಬಾರದು. ಗೆಳೆಯರನ್ನು ಕರೆತಂದು ತೋರಿಸಬಾರದು. ನೀರು ಬದಲಿಸಿ, ಕೊಳೆ ತೆಗೆದು, ಸಂಜೆ ಮಬ್ಬಿನಲ್ಲಿ ಸ್ವಲ್ಪ ಆಹಾರವಿಟ್ಟು ಸುಮ್ಮನೆ ಬರಬೇಕು. ನಾಲ್ಕು ದಿನ, ಎಂಟು ದಿನ ಅದು ತಿನ್ನದಿದ್ದರೂ ಗಾಬರಿಪಡಬೇಕಿಲ್ಲ. ಆ ದಪ್ಪ ಬಾಲವೇ ಅದರ ಕಣಜ, ಕೊಬ್ಬು ಕೂಡಿಡುವ ಜಾಗ. ಬಾಲ ಸೊರಗತೊಡಗಿದರೆ ಮಾತ್ರ ವೈದ್ಯರ ಬಳಿ ಹೋಗಬೇಕು. ಆಮೇಲೆ ಒಂದು ಸಂಜೆ ಕೈಯನ್ನು ಪೆಟ್ಟಿಗೆಯ ನೆಲದ ಮೇಲೆ ಅಂಗಾತ ಇಟ್ಟು ಅಲುಗದೆ ಕೂರಬೇಕು. ಮೇಲಿನಿಂದ ಕೈ ಇಳಿಸಬಾರದು, ಮೇಲಿನಿಂದ ಇಳಿದದ್ದೆಲ್ಲ ಅದರ ವಂಶಕ್ಕೆ ಗೂಬೆಯೇ. ಅದು ಬಂದು ನಾಲಗೆ ಚಾಚಿ ಬೆರಳಿನ ವಾಸನೆ ನೋಡಿ ಹಿಂದಕ್ಕೆ ಹೋದರೂ ಸರಿ, ಕೈ ಏರಿದರೂ ಸರಿ. ಬಾಲ ಹಿಡಿದರಂತೂ ಬಾಲವನ್ನೇ ನಮ್ಮ ಕೈಗೆ ಬಿಟ್ಟು ಓಡುತ್ತದೆ. ಮತ್ತೆ ಬೆಳೆಯುವುದು ಮೊದಲಿನಂಥ ಬಾಲವಲ್ಲ, ಒಂದು ಮೊಂಡು ಗೆಡ್ಡೆ.

ಇದನ್ನು ಹುಡುಗನಿಗೆ ಹೇಳಿದಾಗ ಅವನಿಗೆ ನಿರಾಶೆಯಾಯಿತು. ಪ್ರೀತಿಸಲೆಂದು ತಂದವನಿಗೆ ಮೊದಲ ಕೆಲಸವಾಗಿ ದೂರವಿರು ಎಂದರೆ ಆಗದೆ ಇರುತ್ತದೆಯೇ? ನಮ್ಮ ಕಡೆ ಪ್ರೀತಿಯೆಂದರೆ ಎತ್ತಿಕೊಳ್ಳುವುದು, ಕೆನ್ನೆ ಹಿಂಡುವುದು, ಬಾಯಿಗೆ ತುರುಕುವುದು. ಅತಿಥಿ ಬೇಡವೆಂದರೂ ತಟ್ಟೆಗೆ ಇನ್ನೊಂದು ಸೌಟು ಬಿರಿಯಾನಿ ಹಾಕುವುದು. ನಮ್ಮ ಮೆಹಮಾನ್‌ನವಾಜಿಯ ಬಗ್ಗೆ ನಮಗೆ ಹೆಮ್ಮೆಯುಂಟು, ಇರಲಿ. ಆದರೆ ಮೆಹಮಾನ್ ತಾನಾಗಿ ಬಂದವನು, ಮೂರು ದಿನ ಕಳೆದರೆ ಚಪ್ಪಲಿ ಮೆಟ್ಟಿ ಹೋಗಬಲ್ಲವನು. ಗಾಜಿನ ಪೆಟ್ಟಿಗೆಯೊಳಗಿನದು ಮೆಹಮಾನ್ ಅಲ್ಲ. ಅದನ್ನು ಯಾರೂ ಕೇಳಿ ತಂದಿಲ್ಲ, ಅದು ಎದ್ದು ಹೋಗಲಾರದು. ಹಾಗಿರುವಾಗ ನಾವು ಕೊಡುವ ಶಾಖ, ನೀರು, ಆಹಾರವನ್ನು ಉಪಕಾರವೆಂದು ಕರೆಯುವುದು ಹೇಗೆ? ಶಾಖವನ್ನು ಬಂಡೆಯಿಂದಲೂ ಆಹಾರವನ್ನು ನೆಲದಿಂದಲೂ ಅದರ ವಂಶ ತಾನೇ ಸಂಪಾದಿಸಿಕೊಂಡಿತ್ತು. ಬಾಗಿಲು ಹಾಕಿದ ಕ್ಷಣಕ್ಕೆ ಆ ಸಂಪಾದನೆಯ ದಾರಿಗಳನ್ನೆಲ್ಲ ನಾವು ಮುಚ್ಚಿದೆವು. ಅಂದಮೇಲೆ ಕೊಡುವುದೆಲ್ಲ ಸಾಲದ ಕಂತು. ಸಾಲ ತೀರಿಸುವವನು ಶುಕ್ರಿಯಾ ನಿರೀಕ್ಷಿಸಬಾರದು.

ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿ ನರಕಕ್ಕೆ ಹೋದ ಹೆಂಗಸಿನ ಹದೀಸ್ ಎಲ್ಲರಿಗೂ ಗೊತ್ತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ನಾವು ಅದನ್ನು ಹಸಿವಿನ ಕಥೆಯಾಗಿ ಮಾತ್ರ ಓದುತ್ತೇವೆ. ಅದರಲ್ಲಿ ಆರೋಪ ಎರಡು. ಆಕೆ ತಾನೂ ಉಣಿಸಲಿಲ್ಲ, ನೆಲದ ಹುಳುಹುಪ್ಪಟೆ ಹಿಡಿದು ತಿನ್ನಲು ಬೆಕ್ಕನ್ನು ಬಿಡಲೂ ಇಲ್ಲ. ಬೀದಿಯ ಬೆಕ್ಕಿಗೆ ಅನ್ನ ಹಾಕದವನು ಈ ಅಪರಾಧಿಯಲ್ಲ. ಕಟ್ಟಿದ ಹಗ್ಗವೇ ಆಕೆಯನ್ನು ಹೊಣೆಗಾರಳನ್ನಾಗಿ ಮಾಡಿದ್ದು. ಇನ್ನೊಂದು ಕಡೆ ಅಬೂ ಉಮೈರ್ ಎಂಬ ಮಗುವಿನ ಪ್ರಸಂಗವಿದೆ. ಅವನು ಆಡಿಸುತ್ತಿದ್ದ ಪುಟ್ಟ ಹಕ್ಕಿ ಸತ್ತಾಗ ಪ್ರವಾದಿ (ಸ) ಅವನ ಬಳಿ ಕೂತು, ಹಕ್ಕಿ ಏನಾಯಿತೆಂದು ಪ್ರಾಸ ಕಟ್ಟಿ ವಿಚಾರಿಸಿ ಸಂತೈಸಿದರು. ಹಕ್ಕಿ ಸಾಕಿದ್ದೇ ತಪ್ಪು ಎನ್ನಲಿಲ್ಲ. ಹತ್ತನೆಯ ಶತಮಾನದ ಇಬ್ನುಲ್ ಖಾಸ್ ಎಂಬ ಶಾಫಿಈ ವಿದ್ವಾಂಸ ಈ ಒಂದು ಪುಟ್ಟ ಹದೀಸಿನಿಂದ ಅರವತ್ತು ಪಾಠಗಳನ್ನು ತೆಗೆದು ಒಂದು ಕಿರುಹೊತ್ತಿಗೆಯನ್ನೇ ಬರೆದರು. ಆದರೆ ಗೂಡಿನಿಂದ ಮರಿಗಳನ್ನು ಎತ್ತಿ ತಂದಾಗ ತಾಯಿಹಕ್ಕಿ ರೆಕ್ಕೆ ಬಡಿಯುತ್ತ ಸುತ್ತಿದ್ದನ್ನು ಕಂಡು, ಮರಿಗಳನ್ನು ಹಿಂದಕ್ಕೆ ಕೊಡಿ ಎಂದವರೂ ಅದೇ ಪ್ರವಾದಿ (ಸ). ಹಾಗಾದರೆ ಸಾಕಬಹುದೇ ಬಾರದೇ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂಬ ಒಂದೇ ಉತ್ತರವಿಲ್ಲ. ಯಾವುದನ್ನು, ಎಲ್ಲಿಂದ ತಂದು, ಹೇಗೆ ಇಟ್ಟುಕೊಂಡೆ ಎಂಬ ಮೂರು ಉಪಪ್ರಶ್ನೆಗಳಿವೆ.

ಹೇಗೆ ಎಂಬುದಕ್ಕೆ 1262ರಲ್ಲಿ ತೀರಿಕೊಂಡ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್ ಒಂದು ಪಟ್ಟಿ ಕೊಟ್ಟಿದ್ದಾರೆ. ಮನುಷ್ಯನ ಮೇಲೆ ಪ್ರಾಣಿಗಿರುವ ಹಕ್ಕುಗಳು ಎಂದೇ ಅವರ ಮಾತು. ಕರುಣೆ ಎಂದಲ್ಲ, ಹಕ್ ಎಂದು. ಮುದಿಯಾಗಿ, ರೋಗಬಿದ್ದು ಯಾವ ಪ್ರಯೋಜನಕ್ಕೂ ಬಾರದೆ ಹೋದರೂ ಅದರ ಖರ್ಚು ನೋಡಬೇಕು. ತಾಳಲಾರದಷ್ಟು ಹೊರಿಸಬಾರದು. ಸ್ವಜಾತಿಯದಾಗಲಿ ಪರಜಾತಿಯದಾಗಲಿ, ಅದನ್ನು ಗಾಯಗೊಳಿಸುವ ಪ್ರಾಣಿಯ ಜೊತೆ ಕೂಡಿಹಾಕಬಾರದು. ಅದು ಮಲಗುವ ಜಾಗ ಚೆನ್ನಾಗಿರಬೇಕು. ಇಂಗ್ಲೆಂಡಿನ ಪಾರ್ಲಿಮೆಂಟು 2006ರಲ್ಲಿ ಮಾಡಿದ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲೂ ಸಾಕುವವನ ಕರ್ತವ್ಯಗಳಿವೆ: ತಕ್ಕ ವಾಸಸ್ಥಳ, ತಕ್ಕ ಆಹಾರ, ಸಹಜ ನಡವಳಿಕೆಗೆ ಅವಕಾಶ, ಬೇರೆ ಪ್ರಾಣಿಗಳೊಡನೆ ಅಥವಾ ಅವುಗಳಿಂದ ದೂರ ಇರುವ ವ್ಯವಸ್ಥೆ, ನೋವು ರೋಗಗಳಿಂದ ರಕ್ಷಣೆ. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಸುಮಾರು ಏಳೂವರೆ ಶತಮಾನದ ಅಂತರ ಕಾಣುವುದೇ ಇಲ್ಲ. ಲೆಪರ್ಡ್ ಗೆಕ್ಕೊಗಳಲ್ಲಿ ಎರಡು ಗಂಡುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬಿಟ್ಟರೆ ಕಚ್ಚಾಡಿ ಗಾಯ ಮಾಡಿಕೊಳ್ಳುತ್ತವೆ. ಒಂಟಿಯಾಗಿದೆ ಪಾಪ, ಜೊತೆಗೊಂದು ತರೋಣ ಎನ್ನುವುದು ಮನುಷ್ಯರ ಕನಿಕರ, ಅದಕ್ಕೆ ಬೇಕಿಲ್ಲ.

ಇಂಥ ಸಾಮ್ಯ ಕಂಡಾಗ, ನೋಡಿ, ನಮ್ಮ ಕಿತಾಬುಗಳಲ್ಲಿ ಇದೆಲ್ಲ ಆಗಲೇ ಇತ್ತು ಎಂದು ಎದೆಯುಬ್ಬಿಸಿ ಭಾಷಣ ಮಾಡುವವರಿದ್ದಾರೆ. ಅವರು ಭಾಷಣ ಮುಗಿಸಿ ನಮ್ಮ ಮೊಹಲ್ಲಾಗಳ ಹಕ್ಕಿ ಅಂಗಡಿಗಳಿಗೆ ಒಮ್ಮೆ ಹೋಗಿಬರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ನೆಲದ ಗಿಳಿಯನ್ನು ಹಿಡಿದು ಸಾಕುವುದಕ್ಕೆ ಬಿಡುವುದಿಲ್ಲ. ಆದರೂ ಅಂಗಳದ ತಂತಿಪಂಜರದಲ್ಲಿ ಮಿಠ್ಠೂ ಇಲ್ಲದ ಗಲ್ಲಿ ನಮ್ಮ ಊರುಗಳಲ್ಲಿ ಹುಡುಕಬೇಕು. ರೆಕ್ಕೆ ಬಿಚ್ಚಲು ಜಾಗವಿಲ್ಲದ ಪಂಜರ, ಒಂದು ಹಸಿಮೆಣಸಿನಕಾಯಿ, ಹೋಗಿ ಬರುವವರೆಲ್ಲ ಅದಕ್ಕೆ ಸಲಾಮ್ ಹೇಳಿಕೊಡುತ್ತಾರೆ. ಉರ್ದು ಶಾಲೆಯಲ್ಲಿ ಇಕ್ಬಾಲರ ‘ಪರಿಂದೆ ಕಿ ಫರಿಯಾದ್’ ಬಾಯಿಪಾಠ ಮಾಡಿ ಒಪ್ಪಿಸಿದ ಮಕ್ಕಳು ಅದೇ ಪಂಜರದ ಕೆಳಗೆ ಕೂತು ಹೋಂವರ್ಕ್ ಬರೆಯುತ್ತಾರೆ. ಗಿಳಿ ಸಲಾಮ್ ಹೇಳುವುದರಿಂದ ಅದಕ್ಕೆ ನಮ್ಮ ಮೇಲೆ ಪ್ರೀತಿಯೆಂದು ನಂಬುವುದು ಸುಲಭ. ಹಲ್ಲಿ ಏನನ್ನೂ ಹೇಳುವುದಿಲ್ಲ. ಆ ಹುಡುಗನಿಗೆ ಅದೃಷ್ಟವಶಾತ್ ಸಿಕ್ಕಿದ್ದು ಸುಳ್ಳು ಸಮಾಧಾನ ಕೊಡದ ಪ್ರಾಣಿ.

ಇಲ್ಲಿ ಓದುಗರು ನಮ್ಮನ್ನು ತಡೆದು ಕೇಳಬಹುದು. ಹಲ್ಲಿಯ ಹಕ್ಕುಗಳ ಮಾತಾಡುತ್ತೀರಿ, ಅದನ್ನು ಕೊಲ್ಲಲು ಹೇಳಿದ ಹದೀಸಿಗೆ ಏನು ಹೇಳುತ್ತೀರಿ? ಅದಿಲ್ಲವೆಂದು ನಾವು ಹೇಳಲಾರೆವು. ಉಮ್ಮು ಶರೀಕ್ (ರ) ವರದಿ ಮಾಡಿದ್ದು ಬುಖಾರಿಯಲ್ಲಿದೆ, ಏಟುಗಳ ಸವಾಬಿನ ಲೆಕ್ಕ ಮುಸ್ಲಿಮ್‌ನಲ್ಲಿದೆ. ಅದೇ ಬುಖಾರಿಯಲ್ಲಿ ಹಜರತ್ ಆಯಿಷಾ (ರ) ಅವರ ಮಾತೂ ಇದೆ. ಪ್ರವಾದಿ (ಸ) ಅದನ್ನು ತಂಟೆಯ ಪ್ರಾಣಿ ಎಂದದ್ದನ್ನು ತಾವು ಕೇಳಿದ್ದಾಗಿಯೂ ಕೊಲ್ಲಲು ಆಜ್ಞಾಪಿಸಿದ್ದನ್ನು ಕೇಳಿಲ್ಲವೆಂದೂ ಅವರು ಹೇಳುತ್ತಾರೆ. ಆಯಿಷಾರ ಮನೆಯಲ್ಲಿ ಹಲ್ಲಿ ಕೊಲ್ಲಲು ಈಟಿ ಇತ್ತೆಂಬ ವರದಿಯೂ ಇಬ್ನ್ ಮಾಜಾದಲ್ಲಿದೆ. ಇವೆಲ್ಲವನ್ನೂ ತೂಗಿ ನೋಡುವುದು ಆಲಿಮರ ಕೆಲಸ, ಕಥೆ ಬರೆಯುವ ನಮ್ಮದಲ್ಲ. ನಮಗೆ ಕಾಣುವುದು ಇಷ್ಟೇ: ಮೊದಲ ಏಟಿಗೆ ಹೆಚ್ಚು, ಆಮೇಲಿನವಕ್ಕೆ ಕಡಿಮೆ ಎಂಬ ಲೆಕ್ಕದಲ್ಲಿ ನರಳಿಸಬೇಡ ಎಂಬ ಅರ್ಥವೂ ಇದೆ. ಕೊಲ್ಲುವಾಗಲೂ ಚೆನ್ನಾಗಿ ಕೊಲ್ಲು, ಕತ್ತಿ ಹರಿತವಾಗಿರಲಿ ಎಂದ ಹದೀಸಿನ ಜೊತೆ ಅದು ಕೂಡಿಕೊಳ್ಳುತ್ತದೆ. ಬಾಲ ಕತ್ತರಿಸಿ ಅದು ಕುಣಿಯುವುದನ್ನು ನೋಡಿ ನಗುತ್ತಿದ್ದ ಮಕ್ಕಳಿಗೆ ಯಾವ ಸವಾಬ್ ಬರೆದಿರಲು ಸಾಧ್ಯ?

ಇಬ್ರಾಹೀಮರ (ಅ) ಬೆಂಕಿಯ ಕಥೆಯಿಂದ ಸಾಮಾನ್ಯ ಜನ ತೆಗೆದುಕೊಂಡ ನೀತಿ ನಮ್ಮನ್ನು ಇನ್ನೂ ಹೆಚ್ಚು ಕಾಡುತ್ತದೆ. ಯಾವುದೋ ಕಾಲದ ಒಂದು ಹಲ್ಲಿ ಊದಿತು, ಆದ್ದರಿಂದ ಇವತ್ತು ಅಡುಗೆಮನೆಯ ಗೋಡೆಯ ಮೇಲೆ ಸೊಳ್ಳೆ ಹಿಡಿಯುತ್ತಿರುವ ಹಲ್ಲಿ ದಂಡ ಕಟ್ಟಬೇಕು. ನೆಲದ ಮೇಲೆ ನಡೆಯುವ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಿಮ್ಮಂಥ ಸಮುದಾಯಗಳೇ ಎಂದು ಕುರ್‌ಆನ್ ಹೇಳುವುದು ಅಲ್ ಅನ್‌ಆಮ್ ಅಧ್ಯಾಯದಲ್ಲಿ. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬ ಮಾತೂ ಅದೇ ಅಧ್ಯಾಯದಲ್ಲಿದೆ. ಅಧ್ಯಾಯದ ಹೆಸರಿನ ಅರ್ಥವೇ ಜಾನುವಾರುಗಳು ಎಂದು. ಯಾರೋ ಪೂರ್ವಜ ಮಾಡಿದನೆನ್ನಲಾದ ತಪ್ಪಿಗೆ ಇವತ್ತಿನ ಬೀದಿಯಲ್ಲಿ ತರಕಾರಿ ಮಾರುವವನಿಂದ ಲೆಕ್ಕ ಕೇಳುವುದು ಎಂಥ ಅನ್ಯಾಯವೆಂದು ಈ ದೇಶದಲ್ಲಿ ನಮಗಿಂತ ಚೆನ್ನಾಗಿ ಬಲ್ಲವರು ಯಾರು? 1992ರಿಂದ ಆ ಪಾಠವನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. ಆದರೂ ಚಪ್ಪಲಿ ನಮ್ಮ ಕೈಯಲ್ಲಿದ್ದಾಗ ಆ ಪಾಠ ನೆನಪಿಗೆ ಬರುವುದಿಲ್ಲ.

ಹುಡುಗನ ಹಲ್ಲಿಗೆ ಮರಳೋಣ. ಹತ್ತನೆಯ ದಿನ ಅದು ಈಚೆ ಬಂತು, ಹನ್ನೆರಡನೆಯ ದಿನ ಒಂದು ಹುಳ ಹಿಡಿಯಿತು. ಈಗ ಒಂದು ಮೂಲೆಯನ್ನು ಪಾಯಿಖಾನೆ ಮಾಡಿಕೊಂಡಿದೆಯಂತೆ. ಈ ಜಾತಿಯ ಶಿಸ್ತೇ ಅದು, ನೆಲೆ ಗೊತ್ತಾಯಿತೆನ್ನುವುದಕ್ಕೆ ಒಳ್ಳೆಯ ಗುರುತು. ‘ಸೆಟ್ಲ್ ಆಯಿತು ಮಾಮೂ’ ಎಂದ. ಕನ್ನಡದಲ್ಲಿ ಇದಕ್ಕೆ ಹೊಂದಿಕೊಂಡಿತು ಎನ್ನುತ್ತೇವೆ. ಈ ಶಬ್ದದ ಮೇಲೆ ನಮಗೆ ಬಹಳ ದಿನದ ಗುಮಾನಿ.

ಹೊಸ ಸೊಸೆ ಮನೆಗೆ ಬಂದ ದಿನ ನೆನೆಯಿರಿ. ಮೊಹಲ್ಲಾದ ಹೆಂಗಸರೆಲ್ಲ ಮುಖ ನೋಡಲು ಬರುತ್ತಾರೆ, ಘೂಂಘಟ್ ಎತ್ತಿ ನೋಡಿ ಕೈಗೆ ನೋಟಿಡುತ್ತಾರೆ. ತಿನ್ನು ತಿನ್ನು ಎನ್ನುತ್ತಾರೆ. ಅವಳಿಗೆ ಬಾಗಿಲು ಹಾಕಿಕೊಳ್ಳಲು ಒಂದು ಮೂಲೆಯಿಲ್ಲ, ಅಳಲು ಬಚ್ಚಲುಮನೆಯೇ ಗತಿ. ಮೂರು ತಿಂಗಳಾದ ಮೇಲೆ ಅತ್ತೆ ನೆರೆಯವಳಿಗೆ ಹೇಳುತ್ತಾಳೆ, ಹುಡುಗಿ ಹೊಂದಿಕೊಂಡಳು, ಈಗ ತವರಿನ ಮಾತೆತ್ತುವುದಿಲ್ಲ. ತವರಿನ ಮಾತೆತ್ತದಿರುವುದು ಸುಖವೋ, ಎತ್ತಿ ಪ್ರಯೋಜನವಿಲ್ಲವೆಂದು ತಿಳಿದದ್ದೋ? ಯಾರೂ ಕೇಳುವುದಿಲ್ಲ. ಕೇಳದಿರುವುದರಲ್ಲಿ ಮನೆಯವರಿಗೆ ಅನುಕೂಲವಿದೆ. ನಿಕಾಹಿನಲ್ಲಿ ಹೆಣ್ಣಿನ ಮೌನವನ್ನು ಒಪ್ಪಿಗೆಯೆಂದು ಎಣಿಸುವ ಮಾತನ್ನು ನಾವು ನೆನಪಿಟ್ಟುಕೊಂಡಿದ್ದೇವೆ. ತಂದೆ ತನ್ನ ಇಷ್ಟಕ್ಕೆ ವಿರುದ್ಧ ಮದುವೆ ಮಾಡಿದನೆಂದು ದೂರು ತಂದ ಖನ್ಸಾ ಬಿನ್ತ್ ಖಿದಾಮ್‌ರ ಮದುವೆಯನ್ನು ಪ್ರವಾದಿ (ಸ) ರದ್ದು ಮಾಡಿದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ಖನ್ಸಾ ಬಾಯಿಬಿಟ್ಟು ಹೇಳಬಲ್ಲವರಾಗಿದ್ದರು. ಹೇಳಲಾರದವರ ಮೌನವನ್ನು ಹೇಗೆ ಓದಬೇಕು?

ಲೆಪರ್ಡ್ ಗೆಕ್ಕೊದ ದವಡೆಯ ರಚನೆ ಹೇಗಿದೆಯೆಂದರೆ ಅದು ಸದಾ ಮುಗುಳ್ನಗುತ್ತಿರುವಂತೆ ಕಾಣುತ್ತದೆ. ಹಸಿದಾಗಲೂ ಹಾಗೇ, ಕಾಯಿಲೆ ಬಿದ್ದಾಗಲೂ ಹಾಗೇ. ಮಕ್ಕಳು ಅದನ್ನು ಇಷ್ಟಪಡುವುದಕ್ಕೆ ಅದೂ ಒಂದು ಕಾರಣ. ಅಲುಗದೆ ಕೂತಿದ್ದರೆ ಶಾಂತವಾಗಿದೆ ಎನ್ನುತ್ತಾರೆ. ಹೆದರಿದ ಹಲ್ಲಿಯೂ ಅಲುಗದೆ ಕೂರುತ್ತದೆ. ಹಾಗಾಗಿ ಬಲ್ಲವರು ಮುಖ ನೋಡುವುದಿಲ್ಲ. ಬಾಲದ ದಪ್ಪ, ತೂಕ, ಪೊರೆ ಬಿಟ್ಟ ರೀತಿ, ಹಿಕ್ಕೆ, ಗಾಜಿನ ಮೇಲೆ ಉಗುರು ಪರಚುತ್ತಿದೆಯೇ ಇಲ್ಲವೇ, ಸಂಜೆ ತಾನಾಗಿ ಓಡಾಡುತ್ತದೆಯೇ ಇವನ್ನು ಬರೆದಿಡುತ್ತಾರೆ. ಗೆಕ್ಕೊ ಪರಚುತ್ತಿದ್ದರೆ ತಿದ್ದಬೇಕಾದದ್ದು ಗೆಕ್ಕೊವನ್ನಲ್ಲ, ಪೆಟ್ಟಿಗೆಯನ್ನು. ಶಾಖ ಹೆಚ್ಚಾಯಿತೋ, ಜಾಗ ಕಿರಿದಾಯಿತೋ, ಅಡಗುತಾಣ ಸಾಲದೋ ಎಂದು ಹುಡುಕಬೇಕು. ಹೊಂದಿಕೊಳ್ಳುವ ಕೆಲಸ ಬೀಗದ ಕೈ ಇಟ್ಟುಕೊಂಡವರದು ಎಂಬ ಈ ಸಾದಾ ವಿಷಯ ಹಲ್ಲಿ ಸಾಕುವವರಿಗೆ ಗೊತ್ತಿದೆ. ಶಾಲೆ ನಡೆಸುವವರಿಗೆ, ಅತ್ತೆಯರಿಗೆ, ದೇಶ ಆಳುವವರಿಗೆ ಗೊತ್ತಿರುವಂತೆ ಕಾಣುವುದಿಲ್ಲ.

ಇನ್ನೊಂದು ಜೀವದ ಮಾತು ಉಳಿಯಿತು. ಗೆಕ್ಕೊ ತಿನ್ನುವುದು ರಾತ್ರಿ ಮೂಲೆಯಲ್ಲಿ ಕಿರ್ರೆನ್ನುವ ಜೀರುಂಡೆಗಳನ್ನು. ಜೀವಂತವಾಗಿಯೇ ಬೇಕು, ಚಲಿಸದ್ದನ್ನು ಅದು ಆಹಾರವೆಂದು ಗುರುತಿಸುವುದು ಕಷ್ಟ. ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸಿಗುತ್ತವೆ. ಎಲುಬು ಮೆತ್ತಗಾಗದಿರಲೆಂದು ಅವುಗಳ ಮೈಗೆ ಸುಣ್ಣಾಂಶದ ಪುಡಿ ಸವರಿ ಬಿಡುತ್ತಾರೆ. ಮೇಲೆ ಹೇಳಿದ ಇಂಗ್ಲೆಂಡಿನ ಕಾಯ್ದೆ ಬೆನ್ನೆಲುಬಿರುವ ಪ್ರಾಣಿಗಳನ್ನು ಕಾಯುತ್ತದೆ. ಜೀರುಂಡೆಗೆ ಬೆನ್ನೆಲುಬಿಲ್ಲ, ಆದ್ದರಿಂದ ಅದರ ಪಾಲಿಗೆ ಕಾಯ್ದೆಯೂ ಇಲ್ಲ. ಇದನ್ನು ಓದಿದಾಗ ನಮಗೆ ನೆನಪಾದದ್ದು ‘ಇಖ್ವಾನುಸ್ಸಫಾ’. ಹತ್ತನೆಯ ಶತಮಾನದ ಬಸ್ರಾದ ಚಿಂತಕರ ಗುಂಪೊಂದು ಬರೆದ ಕಥೆಯಲ್ಲಿ, ಮನುಷ್ಯರು ತಮ್ಮನ್ನು ಗುಲಾಮರಂತೆ ಕಾಣುತ್ತಾರೆಂದು ಪ್ರಾಣಿಗಳು ಜಿನ್ನ್‌ಗಳ ಬಾದಶಹನ ಮುಂದೆ ಮೊಕದ್ದಮೆ ಹೂಡುತ್ತವೆ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನ ಮೌಲ್ವಿ ಇಕ್ರಾಮ್ ಅಲಿ 1810ರಲ್ಲಿ ಅದನ್ನು ಉರ್ದುವಿಗೆ ತಂದರು. ಅಲ್ಲಿ ಒಂದೊಂದು ವರ್ಗದ ಪ್ರಾಣಿಗಳು ಒಬ್ಬೊಬ್ಬ ವಕೀಲನನ್ನು ಕಳಿಸುತ್ತವೆ, ತೆವಳುವ ಜೀವಗಳ ಪರ ಹೋಗುವುದು ಜೀರುಂಡೆ. ಅಂದರೆ ಹಲ್ಲಿಯ ಪರ ವಾದಿಸಿದ ವಕೀಲನನ್ನೇ ಹಲ್ಲಿ ತಿನ್ನುತ್ತಿದೆ.

ಇದಕ್ಕೆ ನಮ್ಮಲ್ಲಿ ಪರಿಹಾರವಿಲ್ಲ. ಬೆಟ್ಟದಲ್ಲಿದ್ದರೂ ಗೆಕ್ಕೊ ಜೀರುಂಡೆಯನ್ನೇ ತಿನ್ನುತ್ತಿತ್ತು ಎಂಬುದು ನಿಜ. ಬೆಟ್ಟದಲ್ಲಿ ಜೀರುಂಡೆಗೆ ಓಡಲು ದಾರಿಯಿತ್ತು ಎಂಬುದೂ ನಿಜ. ಹುಡುಗನಿಗೆ ಹೇಳಬಹುದಾದದ್ದು ಇಷ್ಟು: ಒಂದು ಹೊತ್ತಿಗೆ ತಿನ್ನುವಷ್ಟೇ ಹಾಕು, ಉಳಿದದ್ದನ್ನು ತೆಗೆ, ಡಬ್ಬಿಯಲ್ಲಿರುವವಕ್ಕೂ ಸೊಪ್ಪು, ಗಜ್ಜರಿ ಹಾಕು. ಉಳಿಸಿದರೆ ರಾತ್ರಿ ಅವು ಗೆಕ್ಕೊವನ್ನೇ ಕಚ್ಚುತ್ತವೆ. ಡಬ್ಬಿಯ ಜೀರುಂಡೆಗಳಿಗೆ ಗಜ್ಜರಿ ತುರಿದು ಹಾಕುವಾಗ ಅವನು, ಇವಕ್ಕೂ ಹೆಸರಿಡಲೇ ಎಂದನಂತೆ. ಬೇಡ ಬೇಟಾ ಎಂದಳಂತೆ ತಂಗಿ. ಏಕೆ ಬೇಡ ಎಂಬುದಕ್ಕೆ ಅವಳ ಬಳಿ ಉತ್ತರವಿರಲಿಲ್ಲ.

ಎಲ್ಲಿಂದ ತಂದೆ ಎಂಬ ಪ್ರಶ್ನೆಗೂ ಈಗ ಬೇರೆ ರೂಪ ಬಂದಿದೆ. ಪೆಟ್ಟಿಗೆಯಲ್ಲೇ ಹುಟ್ಟಿದ್ದಾದ್ದರಿಂದ ಯಾವ ತಾಯಿಯಿಂದಲೂ ಕಿತ್ತು ತಂದಂತಾಗಲಿಲ್ಲ ಎಂದು ಸಮಾಧಾನಪಡಬಹುದು. ಆದರೆ ಚಂದಕ್ಕಾಗಿ ತಳಿ ಮಾಡುವವರು ಮಾಡಿರುವುದನ್ನು ನೋಡಿ. ‘ಎನಿಗ್ಮಾ’ ಎಂಬ ಬಣ್ಣದ ತಳಿಯಲ್ಲಿ ಅನೇಕಕ್ಕೆ ನರದೋಷ, ತಲೆ ವಾಲಿಸಿ ಸುತ್ತುತ್ತಲೇ ಇರುತ್ತವೆ, ಹುಳಕ್ಕೆ ಬಾಯಿ ಹಾಕಿದರೆ ಗುರಿ ತಪ್ಪುತ್ತದೆ. ‘ಲೆಮನ್ ಫ್ರಾಸ್ಟ್’ ಎಂಬ ಇನ್ನೊಂದರ ಹೊಳೆಯುವ ಬಿಳುಪಿಗೆ ಕಾರಣವಾದ ವಂಶವಾಹಿಯೇ ಅವುಗಳಲ್ಲಿ ಬಹುಪಾಲಿಗೆ ಚರ್ಮದ ಗೆಡ್ಡೆ ತರುತ್ತದೆಂದು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2021ರಲ್ಲಿ ತೋರಿಸಿದರು. ಅಂಥದ್ದನ್ನು ಕೊಳ್ಳುವವನೂ ಆ ರೋಗಕ್ಕೆ ಪಾಲುದಾರ, ಇದರಲ್ಲಿ ನಮಗೆ ಅನುಮಾನವಿಲ್ಲ. ಹುಡುಗನದು ಸಾದಾ ಹಳದಿ ಚುಕ್ಕೆಯದು. ಅಂಗಡಿಯಲ್ಲಿ ಅತಿ ಅಗ್ಗದ್ದೆಂದು ತಂಗಿ ಅದನ್ನೇ ಆರಿಸಿದ್ದಳು.

ತಂದಾಗಿದೆ. ಈಗ ಬಿಡುಗಡೆ ಮಾಡುತ್ತೇವೆಂದು ಬರ್ಮಿಂಗ್‌ಹ್ಯಾಮಿನ ಚಳಿಗೆ ಬಿಟ್ಟರೆ ಅದು ಕೊಲೆ. ಪಂಜಾಬಿನ ಬೆಟ್ಟಕ್ಕೆ ಒಯ್ದು ಬಿಟ್ಟರೂ ಅದಕ್ಕೆ ಅಲ್ಲಿ ಬದುಕುವ ವಿದ್ಯೆ ಗೊತ್ತಿಲ್ಲ. ಚೆನ್ನಾಗಿ ನೋಡಿಕೊಂಡರೆ ಲೆಪರ್ಡ್ ಗೆಕ್ಕೊ 15ರಿಂದ 20 ವರ್ಷ ಬಾಳುತ್ತದೆ. ಹುಡುಗ ಇನ್ನು ಏಳು ವರ್ಷಕ್ಕೆ ಕಾಲೇಜಿಗೆಂದು ಬೇರೆ ಊರಿಗೆ ಹೋಗುತ್ತಾನೆ, ಹಾಸ್ಟೆಲಿನಲ್ಲಿ ಗಾಜಿನ ಪೆಟ್ಟಿಗೆ ಇಡಲು ಬಿಡಲಿಕ್ಕಿಲ್ಲ. ಹೊಸ ಗೆಳೆಯರು, ನೌಕರಿ, ಆಮೇಲೆ ಮದುವೆ. ಅಷ್ಟರಲ್ಲಿ ಹಲ್ಲಿ ಮುದಿಯಾಗಿ, ಕಣ್ಣು ಮಂಜಾಗಿ, ಇಡೀ ದಿನ ಬೆಚ್ಚಗಿನ ಕಲ್ಲಿನ ಕೆಳಗೆ ಮಲಗಿರುತ್ತದೆ. ತೋರಿಸಲು ಏನೂ ಉಳಿದಿರುವುದಿಲ್ಲ. ಇಝ್ಝುದ್ದೀನರ ಪಟ್ಟಿ ಶುರುವಾಗುವುದೇ ಅಲ್ಲಿಂದ. ಇದನ್ನು ತಂಗಿಗೆ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಭಾಯಿ, ನಾನೂ ಅದನ್ನು ಮುಟ್ಟುವುದನ್ನು ಕಲಿಯಬೇಕಾಯಿತು’ ಎಂದಳು. ಅವಳಿಗೆ ಚಿಕ್ಕಂದಿನಿಂದ ಛಿಪ್ಕಲಿ ಕಂಡರೆ ಜ್ವರ ಬರುತ್ತದೆ.